ನಕಲಿ ಉದ್ಯೋಗ ಸಂದೇಶ

ನಕಲಿ ಉದ್ಯೋಗ ಸಂದೇಶವು ಕೆಲಸದ ಆಮಿಷವೊಡ್ಡಿ ಹಣ ದೋಚಲು ಎಸ್‌ಎಂಎಸ್, ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಮೂಲಕ ಕಳುಹಿಸುವ ವಂಚನೆಯ ಸಂದೇಶವಾಗಿದೆ. ಭಾರತದಲ್ಲಿ ವ್ಯಾಪಕವಾಗಿರುವ ಒಂದು ಬಗೆಯಲ್ಲಿ, ಮನೆಯಿಂದಲೇ ವಿಡಿಯೊಗಳಿಗೆ ಲೈಕ್ ಒತ್ತುವ ಕೆಲಸ ಕೊಟ್ಟು, ಆರಂಭದಲ್ಲಿ ಅಲ್ಪ ಮೊತ್ತವನ್ನು ನಿಜವಾಗಿಯೇ ಪಾವತಿಸುತ್ತಾರೆ. ಗಾಳದ ಎರೆಹುಳು ಇದೇ. ಬಳಿಕ ಹೆಚ್ಚಿನ ಗಳಿಕೆಗೆಂದು ಠೇವಣಿ ಕೇಳುತ್ತಾರೆ. ಪರದೆಯ ಮೇಲೆ ಲಾಭ ಬೆಳೆಯುತ್ತದೆ, ಅದನ್ನು ಹಿಂಪಡೆಯಲು ಹೋದರೆ ‘ತೆರಿಗೆ’ಯ ನೆಪದಲ್ಲಿ ಮತ್ತಷ್ಟು ವಸೂಲಿ ನಡೆಯುತ್ತದೆ.

ಅಕ್ಷರದೋಷಗಳಿಂದ ಇವುಗಳನ್ನು ಗುರುತಿಸಬಹುದೆಂಬ ಹಳೆಯ ಸಲಹೆ ಈಗ ಸಾಲದು. ಮೇಷ್ಟರಿಗೂ ತಪ್ಪು ಸಿಗದಷ್ಟು ಅಚ್ಚುಕಟ್ಟಾದ ಸಂದೇಶಗಳು ಬರುತ್ತಿವೆ. ಸಂಬಳ ಕೊಡಬೇಕಾದವರೇ ಹಣ ಕೇಳುವುದು ಖಚಿತ ಸುಳಿವು. (ಸರ್ಕಾರಿ ನೇಮಕಾತಿ ಪರೀಕ್ಷೆಗಳ ಅರ್ಜಿ ಶುಲ್ಕದ ಮಾತು ಬೇರೆ, ಅದನ್ನು ಅಧಿಕೃತ ಜಾಲತಾಣದಲ್ಲಿಯೇ ಪಾವತಿಸತಕ್ಕದ್ದು.)

ಹಣ ಕಳೆದುಕೊಂಡವರು ನಾಚಿಕೆಯಿಂದ ತಡಮಾಡದೆ 1930 ಸಹಾಯವಾಣಿಗೆ ಕರೆಮಾಡಬೇಕು. ಹಣ ಇತರ ಖಾತೆಗಳಿಗೆ ಹಂಚಿಹೋಗುವ ಮುನ್ನವಷ್ಟೇ ಅದನ್ನು ತಡೆಹಿಡಿಯುವುದು ಸುಲಭ. ಸಂದೇಶಗಳನ್ನೂ ವಹಿವಾಟಿನ ಸಂಖ್ಯೆಯನ್ನೂ ಅಳಿಸದೆ ಉಳಿಸಿಕೊಳ್ಳಬೇಕು; ದೂರಿಗೆ ಅವೇ ಆಧಾರ.