ಕಡಲು ದಾಟಿದ ಬಳ್ಳಿ, ಹಿಂದೆ ಉಳಿದ ದುಂಬಿ

ಕೊಡಗು ಮತ್ತು ಮಲೆನಾಡಿನ ಮನೆಗಳಲ್ಲಿ ಶರಬತ್ತಿನ ಹಣ್ಣೆಂದು ಬಹುಕಾಲದಿಂದ ಪರಿಚಿತವಾಗಿದ್ದ ಪ್ಯಾಶನ್ ಫ್ರೂಟ್ ಈಗ ಬೆಂಗಳೂರು, ಮೈಸೂರುಗಳ ತಾರಸಿಯ ಕುಂಡಗಳಿಗೂ ಕಾಂಪೌಂಡಿನ ಗೋಡೆಗಳಿಗೂ ಹಬ್ಬಿದೆ. ಬೀಜ ಹಾಕಿದರೆ ಮೊಳೆಯುವ, ಆಸರೆ ಕೊಟ್ಟರೆ ವರ್ಷದೊಳಗೆ ಚಪ್ಪರವನ್ನು ಮುಚ್ಚಿಬಿಡುವ ಈ ಬಳ್ಳಿಯನ್ನು ಬೆಳೆಸುವುದು ಕಷ್ಟವಲ್ಲ. ಆದರೆ ಅದನ್ನು ಬೆಳೆಸಿದವರಲ್ಲಿ ಹಲವರ ದೂರು ಒಂದೇ: ಚಪ್ಪರ ತುಂಬ ಹೂವು, ಕಾಯಿ ಮಾತ್ರ ಒಂದೂ ಇಲ್ಲ. ಗೊಬ್ಬರ ಸಾಲದು, ನೀರು ಹೆಚ್ಚಾಯಿತು, ಬಳ್ಳಿ ಗಂಡಿರಬೇಕು, ಯಾರದೋ ಕಣ್ಣು ಬಿದ್ದಿದೆ ಎಂಬ ಕಾರಣಗಳೆಲ್ಲ ಸಾಲಾಗಿ ಬರುತ್ತವೆಯಾದರೂ, ನಿಜವಾದ ಕಾರಣವು ಹೂವಿನ ರಚನೆಯಲ್ಲಿಯೂ ಆ ಬಳ್ಳಿ ತನ್ನ ತವರನ್ನು ಬಿಟ್ಟು ನಡೆದು ಬಂದ ದಾರಿಯಲ್ಲಿಯೂ ಇದೆ.

ಬಳ್ಳಿಯ ತವರು ದಕ್ಷಿಣ ಅಮೆರಿಕ: ದಕ್ಷಿಣ ಬ್ರೆಜಿಲ್, ಪರಾಗ್ವೆ ಮತ್ತು ಉತ್ತರ ಅರ್ಜೆಂಟೀನಾಗಳ ಅರಣ್ಯದಂಚು. ಹದಿನಾರನೆಯ ಶತಮಾನದಲ್ಲಿ ಅಮೆರಿಕ ಖಂಡಕ್ಕೆ ಹೋದ ಸ್ಪೇನಿನ ಪಾದ್ರಿಗಳು ಈ ಕುಲದ ಹೂಗಳನ್ನು ಕಂಡು ಅವುಗಳಲ್ಲಿ ಕ್ರಿಸ್ತನ ಯಾತನೆಯ ಚಿಹ್ನೆಗಳನ್ನು ಓದಿಕೊಂಡರು, ರೋಮಿನ ವಿದ್ವಾಂಸ ಜಾಕೊಮೊ ಬೋಸಿಯೊ 1610ರಲ್ಲಿ ಶಿಲುಬೆಯ ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಆ ವ್ಯಾಖ್ಯಾನಕ್ಕೆ ಜಾಗ ಕೊಟ್ಟನು. ನಡುವಿನ ಎಳೆಗಳು ಮುಳ್ಳಿನ ಕಿರೀಟವೆಂದೂ ಐದು ಪರಾಗಕೋಶಗಳು ಐದು ಗಾಯಗಳೆಂದೂ ಮೇಲಿನ ಮೂರು ಶಲಾಕೆಗಳು ಮೂರು ಮೊಳೆಗಳೆಂದೂ ಹೇಳಿದ ಈ ಕಲ್ಪನೆಯಿಂದಲೇ ಹೂವಿಗೂ ಹಣ್ಣಿಗೂ ಇಂದಿನ ಹೆಸರು ಬಂದಿತು. ಇದೇ ಕುಲದ ಅಲಂಕಾರದ ಬಳ್ಳಿಗಳು ಭಾರತಕ್ಕೆ ಬಂದಾಗ ಇಲ್ಲಿನ ಕಣ್ಣು ಅದೇ ಹೂವಿನಲ್ಲಿ ಮಹಾಭಾರತವನ್ನು ಕಂಡಿತು: ಸುತ್ತಲ ಎಳೆಗಳು ನೂರು ಮಂದಿ ಕೌರವರು, ಐದು ಕೇಸರಗಳು ಪಾಂಡವರು, ಹೂವು ಕೃಷ್ಣಕಮಲವಾಯಿತು. ಎರಡು ನಾಡಿನವರೂ ಹೂವಿನ ಭಾಗಗಳನ್ನು ಎಣಿಸುವುದರಲ್ಲಿ ತೋರಿದ ಶ್ರದ್ಧೆಯನ್ನು ಆ ಭಾಗಗಳು ಹಾಗೆ ಏಕೆ ಜೋಡಣೆಯಾಗಿವೆ ಎಂದು ಕೇಳುವುದರಲ್ಲಿ ತೋರಲಿಲ್ಲ ಎನ್ನಬೇಕು.

ಜೋಡಣೆಯ ಲೆಕ್ಕಾಚಾರ ತಿಳಿಯಬೇಕಾದರೆ ದುಂಬಿಯ ಗಾತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹೂವಿನ ಐದು ಪುಷ್ಪಪತ್ರಗಳೂ ಐದು ದಳಗಳೂ ಸೇರಿ ಒಂದು ತಟ್ಟೆಯಾಗುತ್ತವೆ, ಅದರ ಮೇಲೆ ನೇರಳೆ ಬುಡದ ಎಳೆಗಳು ದುಂಬಿ ಇಳಿದು ನಿಲ್ಲುವ ಹಾಸಾಗುತ್ತವೆ, ಮಕರಂದವು ನಡುವಿನ ಕಂಬದ ಬುಡದಲ್ಲಿ ಪೊರೆಯಂಥ ಮುಚ್ಚಳದ ಕೆಳಗೆ ಇರುತ್ತದೆ. ಆ ಕಂಬದ ಮೇಲ್ತುದಿಯಲ್ಲಿ ಅಂಡಾಶಯವಿದ್ದು, ಅದರ ಬುಡದಿಂದ ಹೊರಟ ಐದು ಕೇಸರಗಳ ಪರಾಗಕೋಶಗಳು ಮುಖ ಕೆಳಗೆ ಮಾಡಿ ತೂಗುತ್ತವೆ. ಅಂಡಾಶಯದ ನೆತ್ತಿಯಿಂದ ಮೂರು ಶಲಾಕೆಗಳು, ಅಂದರೆ ಪರಾಗವನ್ನು ಅಂಡಾಶಯಕ್ಕೆ ದಾಟಿಸುವ ದಂಟುಗಳು, ಮೇಲಕ್ಕೆ ಎದ್ದಿರುತ್ತವೆ. ಮರ ಕೊರೆದು ಗೂಡು ಮಾಡುವ ದೊಡ್ಡ ಕರಿದುಂಬಿಯು ಮಕರಂದಕ್ಕಾಗಿ ತಲೆಯನ್ನು ಬುಡಕ್ಕೆ ತೂರಿಸಿ ಕಂಬದ ಸುತ್ತ ತಿರುಗುವಾಗ ಅದರ ಬೆನ್ನು ಪರಾಗಕೋಶಗಳಿಗೆ ಉಜ್ಜಿ ಹಳದಿ ಹಿಟ್ಟನ್ನು ಹೊತ್ತುಕೊಳ್ಳುತ್ತದೆ, ಮುಂದಿನ ಹೂವಿನಲ್ಲಿ ಅದೇ ಬೆನ್ನು ಶಲಾಕಾಗ್ರಕ್ಕೆ, ಎಂದರೆ ಶಲಾಕೆಯ ಅಂಟು ತುದಿಗೆ, ತಾಗುತ್ತದೆ. ಜೇನುನೊಣದ ಬೆನ್ನು ಅಷ್ಟು ಎತ್ತರಕ್ಕೆ ಮುಟ್ಟುವುದಿಲ್ಲ. ಅದು ಕೇಸರಕ್ಕೆ ತಲೆಕೆಳಗಾಗಿ ಜೋತುಬಿದ್ದು ಪರಾಗವನ್ನು ಕಾಲಿಗೆ ತುಂಬಿಕೊಂಡು ಹೊರಟುಬಿಡುವುದರಿಂದ ಈ ಹೂವಿನ ಮಟ್ಟಿಗೆ ನೆರವಿಗಿಂತ ಕಳವೇ ಹೆಚ್ಚು. ಗಾಳಿಗೂ ಇಲ್ಲಿ ಕೆಲಸವಿಲ್ಲ, ಏಕೆಂದರೆ ಪರಾಗವು ತೂಕದ್ದು ಮತ್ತು ಅಂಟಿನದು.

ಬಳ್ಳಿ ಖಂಡಾಂತರ ಹೋದದ್ದು ಬೀಜವಾಗಿ. ದುಂಬಿ ಬೀಜದ ಜೊತೆ ಹೋಗಲಿಲ್ಲ. ನೇರಳೆ ಸಿಪ್ಪೆಯ ಹಣ್ಣಿಗೆ ಇದರಿಂದ ದೊಡ್ಡ ತೊಂದರೆಯಾಗಲಿಲ್ಲ. ಜಾನ್ ಸಿಮ್ಸ್ 1818ರಲ್ಲಿ ಪ್ಯಾಸಿಫ್ಲೋರಾ ಎಡುಲಿಸ್ ಎಂಬ ಶಾಸ್ತ್ರೀಯ ಹೆಸರಿನಿಂದ ವರ್ಣಿಸಿದ ಈ ಬಗೆಯು ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. 1900ಕ್ಕೆ ಮೊದಲೇ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಅದು ತಾನಾಗಿ ಹಬ್ಬುವಷ್ಟು ಒಗ್ಗಿಕೊಂಡಿತ್ತು. 1880ರಲ್ಲಿ ಆಸ್ಟ್ರೇಲಿಯದಿಂದ ಬೀಜ ತಂದ ಯೂಜೀನ್ ಡೆಲಮಾರ್ ಎಂಬಾತ ಹವಾಯಿಯ ಮಾವಿ ದ್ವೀಪದ ಲಿಲಿಕೋಯಿ ಎಂಬಲ್ಲಿ ಅದನ್ನು ನೆಟ್ಟ ಕಾರಣ ಆ ಜಾಗದ ಹೆಸರೇ ಅಲ್ಲಿ ಹಣ್ಣಿನ ಹೆಸರಾಯಿತು. ನೀಲಗಿರಿ, ವಯನಾಡು, ಕೊಡಗುಗಳ ತಂಪಿಗೆ ಹೊಂದಿಕೊಂಡದ್ದೂ ಇದೇ ನೇರಳೆ ಬಗೆ.

ಹಳದಿ ಹಣ್ಣಿನ ಕತೆ ಬೇರೆ. ಅದರ ಬೀಜ ಹವಾಯಿಗೆ ಬಂದದ್ದು 1923ರಲ್ಲಿ; ಒಟ್ಟೊ ಡೆಗೆನರ್ 1932ರಲ್ಲಿ ಅದಕ್ಕೆ ಫ್ಲಾವಿಕಾರ್ಪಾ, ಅಂದರೆ ಹಳದಿ ಹಣ್ಣಿನದು, ಎಂಬ ರೂಪನಾಮವನ್ನು ಕೊಟ್ಟನು. ಬಯಲಿನ ಸೆಕೆಯನ್ನು ಸಹಿಸುವ, ಹಣ್ಣು ದೊಡ್ಡದಾಗಿ ರಸ ಹುಳಿಯಾಗಿರುವ ಈ ಬಗೆಯ ತೋಟಗಳು ಅಲ್ಲಿ ಬೇಗನೆ ಹರಡಿ 1958ರ ಹೊತ್ತಿಗೆ ಸುಮಾರು 1,200 ಎಕರೆಗೆ ಮುಟ್ಟಿದವು. ಬೆಳೆಗಾರರು ಹೂವನ್ನು ನೋಡಿ ಕಾಯಿಯನ್ನು ಕಾಣದ ಸಂಕಟಕ್ಕೆ ಸಿಕ್ಕಿದ್ದು ಆಗಲೇ, ಮತ್ತು ಇಂದು ಮನೆಯ ತೋಟದಲ್ಲಿ ಬೆರಳಿನಿಂದ ನಡೆಯುವ ಕೆಲಸದ ಹಿಂದಿರುವ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಆ ಸಂಕಟದ ಫಲ. ಹವಾಯಿ ಕೃಷಿ ಪ್ರಯೋಗ ಕೇಂದ್ರದ ಪರವಾಗಿ ಅಕಾಮಿನೆ ಮತ್ತು ಜಿರೊಲಾಮಿ ಎಂಬ ವಿಜ್ಞಾನಿಗಳು 1959ರಲ್ಲಿ ಪ್ರಕಟಿಸಿದ ವರದಿ ಈ ವಿಷಯದಲ್ಲಿ ಈಗಲೂ ಮೂಲಾಧಾರ.

ಹಳದಿ ಬಗೆಯ ಮುಖ್ಯ ಲಕ್ಷಣ ಸ್ವವಂಧ್ಯತೆ, ಅಂದರೆ ಒಂದು ಬಳ್ಳಿಯ ಪರಾಗವನ್ನು ಅದೇ ಬಳ್ಳಿಯ ಶಲಾಕಾಗ್ರ ಒಪ್ಪದಿರುವ ಗುಣ. ಈ ನಿರಾಕರಣೆ ಹೂವಿನಿಂದ ಹೂವಿಗೆ ಅಲ್ಲ, ವಂಶದಿಂದ ವಂಶಕ್ಕೆ ನಡೆಯುತ್ತದೆ. ಗೋತ್ರದ ಕಟ್ಟಳೆಯಂತೆ ಮನೆ ಬೇರೆಯಾದ ಮಾತ್ರಕ್ಕೆ ಸಂಬಂಧ ಕೂಡುವುದಿಲ್ಲ. ಒಂದೇ ಬಳ್ಳಿಯಿಂದ ತುಂಡು ಕತ್ತರಿಸಿ ಹತ್ತು ಗಿಡ ಮಾಡಿದರೂ ಅವು ಜೈವಿಕವಾಗಿ ಒಂದೇ ಗಿಡವಾದ್ದರಿಂದ ಪರಸ್ಪರ ಫಲಿಸವು. ಒಂದೇ ಹಣ್ಣಿನ ಬೀಜದಿಂದ ಬಂದ ಸೋದರ ಗಿಡಗಳಲ್ಲಿಯೂ ಕೆಲವು ಜೋಡಿಗಳು ಒಗ್ಗದೆ ಹೋಗುವುದುಂಟು. ಗೆಳೆಯರ ಮನೆಯಿಂದ ಬಂದ ಒಂದೇ ತುಂಡಿನಿಂದ ಇಡೀ ಬೀದಿಯ ಕಾಂಪೌಂಡುಗಳು ಹಸಿರಾದಾಗ, ಆ ಬೀದಿಯಲ್ಲಿ ಹೂವಿಗೆ ಬರವಿಲ್ಲದೆ ಹಣ್ಣಿಗೆ ಬರ ಬರುವುದು ಈ ಕಾರಣದಿಂದ. ಬೇರೆ ಬೇರೆ ಊರಿನ ಹಣ್ಣುಗಳಿಂದ ಬೀಜ ತೆಗೆದು ಕನಿಷ್ಠ ಎರಡು ಮೂರು ಗಿಡಗಳನ್ನು ಒಂದೇ ಚಪ್ಪರಕ್ಕೆ ಹತ್ತಿಸುವುದು ಇದಕ್ಕೆ ಸರಳವಾದ ಪರಿಹಾರ.

ಎರಡನೆಯ ಲಕ್ಷಣ ಹೊತ್ತಿನದು. ಹಳದಿ ಬಗೆಯ ಹೂವು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಅರಳಿ ರಾತ್ರಿ ಒಂಬತ್ತು ಹತ್ತರ ವೇಳೆಗೆ ಮುಚ್ಚುತ್ತದೆ, ಮತ್ತೆ ತೆರೆಯುವುದಿಲ್ಲ. ಅರಳಿದ ಕೂಡಲೇ ಶಲಾಕೆಗಳು ನೆಟ್ಟಗಿರುತ್ತವೆ. ನಂತರ ಒಂದು ಒಂದೂವರೆ ಗಂಟೆಯಲ್ಲಿ ಅವು ನಿಧಾನವಾಗಿ ಬಾಗಿ ಪರಾಗಕೋಶಗಳ ಮಟ್ಟಕ್ಕೆ ಇಳಿಯುತ್ತವೆ. ಕೆಲವು ಹೂಗಳಲ್ಲಿ ಪೂರ್ತಿ ಬಾಗುತ್ತವೆ, ಕೆಲವುಗಳಲ್ಲಿ ಅರ್ಧ ಬಾಗುತ್ತವೆ, ಇನ್ನು ಕೆಲವುಗಳಲ್ಲಿ ಬಾಗುವುದೇ ಇಲ್ಲ. ಬಾಗದ ಹೂವು ಪರಾಗವನ್ನು ಕೊಡಬಲ್ಲದೇ ಹೊರತು ಕಾಯಿ ಕಟ್ಟಲಾರದು. ಹೀಗಾಗಿ ಮಧ್ಯಾಹ್ನ ಎರಡರಿಂದ ಐದರವರೆಗಿನ ಅವಧಿ ಕೈಯಿಂದ ಪರಾಗಸ್ಪರ್ಶ ಮಾಡಲು ತಕ್ಕದ್ದು: ಒಂದು ಬಳ್ಳಿಯ ಹೂವಿನ ಪರಾಗಕೋಶವನ್ನು ಬೆರಳ ತುದಿಯಿಂದಲೋ ಮೃದುವಾದ ಕುಂಚದಿಂದಲೋ ಸವರಿ, ಆ ಹಳದಿ ಹಿಟ್ಟನ್ನು ಇನ್ನೊಂದು ಬಳ್ಳಿಯಲ್ಲಿ ಶಲಾಕೆ ಬಾಗಿದ ಹೂವನ್ನು ಆರಿಸಿ ಅದರ ಮೂರು ತುದಿಗಳಿಗೂ ಧಾರಾಳವಾಗಿ ಒತ್ತಬೇಕು. ಧಾರಾಳವೆಂಬುದಕ್ಕೆ ಅರ್ಥವಿದೆ. ಹಣ್ಣಿನೊಳಗಿನ ರಸವು ಪ್ರತಿ ಬೀಜದ ಸುತ್ತ ಬೆಳೆಯುವ ಚೀಲದಲ್ಲಿ ಇರುವುದರಿಂದ, ತಲುಪಿದ ಪರಾಗ ಎಷ್ಟೋ ಬೀಜ ಅಷ್ಟು, ಬೀಜ ಎಷ್ಟೋ ರಸ ಅಷ್ಟು; ಜಿಪುಣತನದಿಂದ ಮುಟ್ಟಿಸಿದ ಹೂವು ಕಾಯಾದರೂ ಒಳಗೆ ಪೊಳ್ಳಾಗಿರುತ್ತದೆ. ಬ್ರೆಜಿಲಿನ ತೋಟಗಳಲ್ಲಿ ದುಂಬಿ ಸಾಲದ ಕಡೆ ಕೂಲಿಯಾಳುಗಳು ಮಧ್ಯಾಹ್ನದ ಹೊತ್ತು ಬೆರಳಿಗೆ ಬಟ್ಟೆಯ ಕವಚ ತೊಟ್ಟು ಸಾಲು ಸಾಲಾಗಿ ಇದೇ ಕೆಲಸವನ್ನು ಮಾಡುತ್ತಾರೆ.

ಮಳೆ ಈ ಕೆಲಸದ ಶತ್ರು. ಈ ಕುಲದ ಪರಾಗಕಣ ನೀರು ತಾಗಿದೊಡನೆ ಒಡೆದುಹೋಗುತ್ತದೆ ಮತ್ತು ಪರಾಗಸ್ಪರ್ಶವಾದ ಮೇಲೆ ಸುಮಾರು ಎರಡು ಗಂಟೆಯಾದರೂ ಹೂವು ಒಣಗಿರಬೇಕು. ಮುಂಗಾರು ಜಡಿಯುವ ಮಲೆನಾಡಿನ ಮಧ್ಯಾಹ್ನಗಳಲ್ಲಿ ಹಳದಿ ಬಗೆಯ ಹೂಗಳು ವ್ಯರ್ಥವಾಗುವುದು ಸಹಜವೇ. ಬಳ್ಳಿಯನ್ನು ಸೂರಿನಂಚಿಗೆ ಹಬ್ಬಿಸಿದವರಿಗೆ ಅಷ್ಟರಮಟ್ಟಿಗೆ ಅನುಕೂಲ. ಕಾಯಿ ನಿಂತರೆ ಎರಡು ಮೂರು ವಾರದಲ್ಲಿ ಪೂರ್ಣ ಗಾತ್ರಕ್ಕೆ ಬರುತ್ತದೆ, ಮಾಗಲು ಒಟ್ಟು ಅರವತ್ತರಿಂದ ಎಂಬತ್ತು ದಿನ ತೆಗೆದುಕೊಂಡು ತಾನಾಗಿಯೇ ಉದುರುತ್ತದೆ.

ಎರಡು ಬಗೆಗಳ ಬೆರಕೆಯ ಆಲೋಚನೆಯನ್ನು ಮುಂದೊತ್ತಿದ್ದು ರೋಗ. 1943ರ ಸುಮಾರಿಗೆ ಆಸ್ಟ್ರೇಲಿಯದ ನೇರಳೆ ತೋಟಗಳನ್ನು ಫ್ಯುಸೇರಿಯಂ ಎಂಬ ಮಣ್ಣಿನ ಶಿಲೀಂಧ್ರದಿಂದ ಬರುವ ಸೊರಗು ರೋಗ ನಾಶ ಮಾಡಿದಾಗ, ಅಲ್ಲಿಯವರೆಗೆ ಅಲಕ್ಷ್ಯಕ್ಕೊಳಗಾಗಿದ್ದ ಹಳದಿ ಬಗೆಯ ಬೇರು ಆ ರೋಗವನ್ನೂ ಬೇರುಗಂಟು ಮಾಡುವ ಜಂತುಗಳನ್ನೂ ತಡೆಯುತ್ತದೆ ಎಂಬುದು ಗೊತ್ತಾಯಿತು. ಹಳದಿಯ ಬೇರಿಗೆ ನೇರಳೆಯ ಕುಡಿ ಕಸಿ ಮಾಡುವ ಪದ್ಧತಿ ಅಲ್ಲಿಂದ ಬೆಳೆಯಿತು, ಅದರ ಜೊತೆಗೆ ಇವೆರಡನ್ನು ಸಂಕರಿಸುವ ಪ್ರಯತ್ನಗಳೂ ನಡೆದವು. ಕರ್ನಾಟಕದ ಪಾಲು ಇಲ್ಲಿ ಚಿಕ್ಕದಲ್ಲ: ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೊಡಗಿನ ಚೆಟ್ಟಳ್ಳಿ ಕೇಂದ್ರದಲ್ಲಿ ನೇರಳೆ ಮತ್ತು ಹಳದಿಗಳ ಸಂಕರದಿಂದ ರೂಪುಗೊಂಡ ಕಾವೇರಿ ತಳಿಯು 85ರಿಂದ 110 ಗ್ರಾಂ ತೂಗುವ ನೇರಳೆ ಹಣ್ಣು ಬಿಡುತ್ತದೆ, ಎಲೆಯ ಕಂದುಚುಕ್ಕೆ, ಬುಡಕೊಳೆ, ಸೊರಗು ಮತ್ತು ಜಂತುಬಾಧೆಗಳಿಗೆ ಹೊಲದಲ್ಲಿ ತಕ್ಕಮಟ್ಟಿಗೆ ನಿಲ್ಲುತ್ತದೆ. ಮನೆಯ ತೋಟಕ್ಕೆ ಮೊದಲ ಗಿಡ ಬೇಕೆನ್ನುವವರು ಇದರ ತುಂಡಿನಿಂದ ಆರಂಭಿಸುವುದು ಲೇಸು. ಇದರ ಬೀಜ ಬಿತ್ತಿದರೆ ಸಂಕರದ ಗುಣ ಚದುರಿಹೋಗುತ್ತದೆ.

ಆಸಕ್ತಿಯುಳ್ಳವರು ಮನೆಯಲ್ಲಿಯೇ ಸಂಕರ ಮಾಡುವುದು ಸಾಧ್ಯ, ಆದರೆ ಅಲ್ಲಿ ಹೊತ್ತಿನ ತೊಡಕೊಂದು ಎದುರಾಗುತ್ತದೆ. ನೇರಳೆಯ ಹೂವು ನಸುಕಿನಲ್ಲಿ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತದೆ, ಹಳದಿಯದು ಆ ಹೊತ್ತಿಗಷ್ಟೇ ಅರಳುತ್ತದೆ. ಒಂದೇ ಚಪ್ಪರದಲ್ಲಿ ಇದ್ದರೂ ಇವೆರಡು ಒಂದನ್ನೊಂದು ಕಾಣುವುದೇ ಅಪರೂಪ. ಆದ್ದರಿಂದ ಸಂಜೆ ಹಳದಿ ಹೂವಿನ ಪರಾಗಕೋಶಗಳನ್ನು ಒಣ ಡಬ್ಬಿಯಲ್ಲಿ ಕಾಪಿಟ್ಟು ಮರುದಿನ ನಸುಕಿನಲ್ಲಿ ನೇರಳೆಗೆ ಮುಟ್ಟಿಸಬೇಕು. ನೇರಳೆಯು ಸ್ವಂತ ಪರಾಗದಿಂದಲೂ ಫಲಿಸುವುದರಿಂದ, ಹಿಂದಿನ ಸಂಜೆಯೇ ಅದರ ಬಲಿತ ಮೊಗ್ಗನ್ನು ಬಿಡಿಸಿ ಐದೂ ಪರಾಗಕೋಶಗಳನ್ನು ಚಿಮುಟದಿಂದ ತೆಗೆದು ತೆಳು ಬಟ್ಟೆಯ ಚೀಲ ಕಟ್ಟಿರಬೇಕಾಗುತ್ತದೆ. ಇಂಥ ಬೀಜದ ಒಂದೊಂದು ಗಿಡವೂ ಒಂದೊಂದು ಗುಣದ್ದಾಗುವುದರಿಂದ, ಒಳ್ಳೆಯದು ಕಂಡರೆ ಮೂರು ನಾಲ್ಕು ಗೆಣ್ಣಿನ ತುಂಡುಗಳಿಂದಲೇ ಅದನ್ನು ಉಳಿಸಿಕೊಳ್ಳಬೇಕು.

ಬೇಸಾಯದ ಉಳಿದ ಸಂಗತಿಗಳು ಹೆಚ್ಚಿಲ್ಲ. ಹೂವು ಬರುವುದು ಹೊಸ ಚಿಗುರಿನಲ್ಲಾದ್ದರಿಂದ ಫಸಲು ಮುಗಿದ ಮೇಲೆ ಹಳೆಯ ಕವಲುಗಳನ್ನು ಕತ್ತರಿಸಬೇಕು. ಸಾರಜನಕದ ಗೊಬ್ಬರ ಮಿತಿಮೀರಿದರೆ ಎಲೆಯೇ ಹೊರತು ಮೊಗ್ಗಿಲ್ಲ. ಬುಡದಲ್ಲಿ ನೀರು ನಿಲ್ಲಬಾರದು. ನಾಲ್ಕಾರು ವರ್ಷಗಳಿಗೊಮ್ಮೆ ಬಳ್ಳಿಯನ್ನೇ ಬದಲಿಸಬೇಕು. ಎಲೆಯ ತೊಟ್ಟಿನ ಮೇಲಿನ ಸಣ್ಣ ಗ್ರಂಥಿಗಳು ಸಿಹಿರಸ ಒಸರಿ ಇರುವೆಗಳನ್ನು ಕರೆಯುತ್ತವೆ, ಆ ಇರುವೆಗಳು ಸಾಮಾನ್ಯವಾಗಿ ಬಳ್ಳಿಯ ಕಾವಲಿಗೇ ಇರುತ್ತವೆಯಾದ್ದರಿಂದ ಅವನ್ನು ಕಂಡೊಡನೆ ಔಷಧಿ ಹೊಡೆಯಬೇಕಾಗಿಲ್ಲ. ಕಿತ್ತಳೆ ಬಣ್ಣದ ಟಾನಿ ಕೋಸ್ಟರ್ ಎಂಬ ಚಿಟ್ಟೆಯ ಮುಳ್ಳುಹುಳುಗಳು ಗುಂಪಾಗಿ ಎಲೆ ತಿನ್ನುವುದು ಕರ್ನಾಟಕದ ತೋಟಗಳಲ್ಲಿ ಕಾಣುವ ಸಂಗತಿ. ಕೈಯಿಂದ ಆರಿಸಿದರೆ ಸಾಕು.

ಔಷಧಿಯ ವಿಷಯದಲ್ಲಿ ಹಿಡಿತ ಏಕೆ ಬೇಕೆಂದರೆ, ಬ್ರೆಜಿಲಿನ ದುಂಬಿಯ ಸಮೀಪಬಂಧುಗಳು ಈ ನಾಡಿನಲ್ಲಿಯೂ ಇವೆ ಮತ್ತು ಬಳ್ಳಿ ಹೊಸದಾದರೂ ಅವುಗಳ ಮೈಯಳತೆ ಆ ಹೂವಿಗೆ ಸರಿಯಾಗಿಯೇ ಹೊಂದುತ್ತದೆ. ಹವಾಯಿಯಲ್ಲಿ ಈ ಕೆಲಸ ಮಾಡುವ ದುಂಬಿ ಕೂಡ ಆ ದ್ವೀಪಗಳಿಗೆ ಹೊರಗಿನಿಂದ ಬಂದದ್ದೇ. ಒಣಮರ ಮತ್ತು ಬಿದಿರಿನಲ್ಲಿ ಗೂಡು ಕೊರೆಯುವ ಈ ಕರಿದುಂಬಿಗಳಿಗೆ ಗ್ರಿಲ್ಲು, ಕಾಂಕ್ರೀಟುಗಳ ಬಡಾವಣೆಯಲ್ಲಿ ಕೊರತೆಯಿರುವುದು ಹೂವಿನದಲ್ಲ, ವಸತಿಯದು. ಆದ್ದರಿಂದಲೇ ಬ್ರೆಜಿಲಿನಲ್ಲಿ ತೋಟದ ನಡುವೆ ಒಣ ದಿಮ್ಮಿಗಳನ್ನೂ ಬಿದಿರಿನ ಗಳಗಳನ್ನೂ ಇರಿಸಿ ಅವುಗಳನ್ನು ನೆಲೆಗೊಳಿಸುವ ಪ್ರಯೋಗಗಳು ನಡೆದಿವೆ. ಇಲ್ಲಿಯೂ ಚಪ್ಪರಕ್ಕೆ ಕಬ್ಬಿಣದ ಪೈಪಿಗೆ ಬದಲಾಗಿ ಬಿದಿರನ್ನು ಬಳಸಿ, ಗಳದಲ್ಲಿ ದುಂಡನೆಯ ರಂಧ್ರ ಕಂಡಾಗ ಅದನ್ನು ಮುಚ್ಚದೆ ಬಿಟ್ಟು, ಹೂವು ತೆರೆದಿರುವ ಮಧ್ಯಾಹ್ನಗಳಲ್ಲಿ ಸಿಂಪಡಣೆಯನ್ನು ನಿಲ್ಲಿಸಿದರೆ, ಕುಂಚ ಹಿಡಿದು ಚಪ್ಪರದಡಿ ನಿಲ್ಲುವ ಕೆಲಸದಲ್ಲಿ ಒಂದು ಪಾಲನ್ನು ದುಂಬಿಗಳೇ ವಹಿಸಿಕೊಳ್ಳಬಲ್ಲವು.