ಕೊನೆಯ ಉಸಿರಿನವರೆಗೆ ಜೊತೆಗಿರುವವರು

ಸಹೋದರಿಯರೇ, ಬಂಗಾರಪೇಟೆಯಲ್ಲಿ ಮುಂಜಾನೆ ಬೆಂಗಳೂರಿನ ರೈಲು ಹತ್ತಿ ನೋಡಿ. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ ನಿಲ್ದಾಣಗಳಿಂದ ಹತ್ತಿದ ಕೆ.ಜಿ.ಎಫ್. ಜನ ಆಗಲೇ ಸೀಟು ತುಂಬಿರುತ್ತಾರೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಆದರೆ ಕಲ್ಲಿನ ಧೂಳು ತಂದ ಸಿಲಿಕೋಸಿಸ್ ಕಾರ್ಮಿಕರ ಎದೆಯಲ್ಲೇ ಉಳಿಯಿತು. ಅದನ್ನು ಗುಣಪಡಿಸುವ ಮದ್ದಿಲ್ಲ. ಸಂಕಟ ತಗ್ಗಿಸಬಹುದು ಅಷ್ಟೆ. ಹೀಗೆ ಸಂಕಟ ತಗ್ಗಿಸುವ ಶುಶ್ರೂಷೆಗೇ ಉಪಶಾಮಕ ಆರೈಕೆ ಎನ್ನುತ್ತಾರೆ.

2025ರ ಜನವರಿ 30ರಂದು ಕರ್ನಾಟಕ ಸರಕಾರ ಘನತೆಯ ಮರಣದ ಹಕ್ಕಿನ ಬಗ್ಗೆ ಸುತ್ತೋಲೆ ಹೊರಡಿಸಿದಾಗ ಹಲವರು ಗಾಬರಿಯಾದರು. ಇನ್ನು ನರ್ಸ್‌ಗಳೇ ಪ್ರಾಣ ತೆಗೆಯುತ್ತಾರೆಯೇ? ಖಂಡಿತ ಇಲ್ಲ. ಗುಣವಾಗುವ ಆಶೆಯೇ ಇಲ್ಲದ ರೋಗಿಗೆ ಯಂತ್ರಗಳಿಂದ ಪ್ರಯೋಜನವಿಲ್ಲವೆಂದು ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಿದರೆ, ಮನೆಯವರ ಸಮ್ಮತಿಯಿಂದ ಅಂತಹ ಚಿಕಿತ್ಸೆಯನ್ನು ನಿಲ್ಲಿಸಬಹುದು. ನ್ಯಾಯಾಧೀಶರಿಗೂ ತಿಳಿಸಬೇಕು. ಮಾರಕ ಚುಚ್ಚುಮದ್ದು ಕೊಡುವುದು ನಮ್ಮ ದೇಶದಲ್ಲಿ ಅಪರಾಧವೇ.

ಕೆನಡಾದಲ್ಲಿ ಹಾಗಲ್ಲ. 2016ರ ಕಾನೂನಿನ ಪ್ರಕಾರ ಅಲ್ಲಿ ವೈದ್ಯರು ಮಾತ್ರವಲ್ಲ, ವಿಶೇಷ ತರಬೇತಿ ಪಡೆದ ನರ್ಸ್‌ಗಳೂ ಸಾಯಲು ನೆರವಾಗಬಹುದು. ಅದಕ್ಕೆ ಒಪ್ಪದ ಡೆಲ್ಟಾ ಹಾಸ್ಪೈಸ್ ಸಂಸ್ಥೆ ಸರಕಾರಿ ನೆರವನ್ನೇ ಕಳೆದುಕೊಂಡಿತು. ನೋವು ನೀಗುವ ಕೈಯೇ ಪ್ರಾಣವನ್ನೂ ನೀಗಬೇಕಾದರೆ ತಾನು ಯಾರು ಎಂಬ ಪ್ರಶ್ನೆ ಆರೈಕೆಯವರನ್ನು ಕಾಡದಿರುತ್ತದೆಯೇ?

ಆ ಪ್ರಶ್ನೆಗೆ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯ ದಾದಿಯರು ಉತ್ತರ ಕೊಟ್ಟಿದ್ದಾರೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ್ ಅಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ನಡೆದ ಅಮಾನುಷ ದಾಳಿ ಅವರನ್ನು ಹಾಸಿಗೆಗೆ ತಳ್ಳಿತು. ದಯಾಮರಣದ ಅರ್ಜಿ ಬಂದಾಗ ಆಸ್ಪತ್ರೆಯ ಸಿಬ್ಬಂದಿ ವಿರೋಧಿಸಿದರು. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಅರ್ಜಿ ತಳ್ಳಿಹಾಕಿತು. 2015ರ ಮೇ 18ರಂದು ಅರುಣಾ ತೀರಿಕೊಳ್ಳುವವರೆಗೆ, ಅವರನ್ನು ಎಂದೂ ಕಂಡಿರದ ಹೊಸ ತಲೆಮಾರಿನ ದಾದಿಯರೂ ಸ್ವಂತದವರಂತೆ ನೋಡಿಕೊಂಡರು.

ಜೀವ ಅಲ್ಲಾಹನ ಅಮಾನತ್ತು. ಅದನ್ನು ಕೊನೆಗೊಳಿಸುವ ಹಕ್ಕು ನಮಗಿಲ್ಲ. ಹಾಗೆಂದು ಫಲವಿಲ್ಲದ ಚಿಕಿತ್ಸೆಯನ್ನು ಎಳೆಯುತ್ತಲೇ ಇರಬೇಕೆಂದಿಲ್ಲ ಎನ್ನುವ ವಿದ್ವಾಂಸರು ಅನೇಕರಿದ್ದಾರೆ. ನೋವಿನ ಮದ್ದು ಕೊಡಿಸುವುದೂ ಸಾಯಿಸುವುದೂ ಒಂದೇ ಅಲ್ಲ. ಈ ತಪ್ಪು ತಿಳಿವಳಿಕೆಯಿಂದ ಎಷ್ಟೋ ಮನೆಗಳಲ್ಲಿ ಹಿರಿಯರು ಸುಮ್ಮನೆ ನರಳುತ್ತಾರೆ.

ನಿಮ್ಮ ಅಬ್ಬಾ, ಅಮ್ಮೀ ಹಾಸಿಗೆ ಹಿಡಿದಿದ್ದರೆ, “ಇನ್ನೇನೂ ಮಾಡಲಾಗದು” ಎಂಬ ಮಾತು ಕೇಳಿ ಸುಮ್ಮನೆ ಹಿಂದಿರುಗಬೇಡಿ. “ನೋವಿಗೆ, ಉಸಿರಿನ ಸಂಕಟಕ್ಕೆ ಏನು ಮಾಡಬಹುದು?” ಎಂದು ಕೇಳಿ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಸಿಗುತ್ತದೆ. ನಿಮ್ಮ ಮನೆಯ ಹೆಣ್ಣುಮಗಳು ಇಂತಹ ಕೆಲಸಕ್ಕೆ ಹೊರಟರೆ “ಸಾವಿನ ಮನೆಯ ನೌಕರಿ” ಎಂದು ತಡೆಯಬೇಡಿ. ಅವಳು ಹೋಗುತ್ತಿರುವುದು ಸಾಯಿಸಲಿಕ್ಕಲ್ಲ, ಸಾಯುವವರನ್ನು ಒಂಟಿಯಾಗಲು ಬಿಡದಿರಲಿಕ್ಕೆ.