ಬಲೆಗೆ ಬೀಗ ಎಲ್ಲಿದೆ?

ಕಲಘಟಗಿ ತಾಲ್ಲೂಕಿನ ನೀರಸಾಗರ ಅಂದರೆ ಹುಬ್ಬಳ್ಳಿಯವರಿಗೆ ಕುಡಿಯುವ ನೀರು. ನಮ್ಮ ಭಾಗದ ಮೀನುಗಾರರಿಗೆ ಜಲಾಶಯ, ಕೆರೆಗಳೇ ಹೊಲ. ಸಂಜೆ ನೈಲಾನ್ ಬಲೆ ಬಿಟ್ಟು ಬರುತ್ತಾರೆ, ಬೆಳಗಿನ ಜಾವ ಎತ್ತುತ್ತಾರೆ. ಸಾವಿರಾರು ರೂಪಾಯಿಯ ಬಲೆ ರಾತ್ರಿಯಿಡೀ ಕಾವಲಿಲ್ಲದೆ ನೀರಿನಲ್ಲಿರುತ್ತದೆ. ಕಳ್ಳ ಒಯ್ಯಬಹುದು, ಮುಳುಗಿದ ಮರದ ಬೊಡ್ಡೆಗೆ ಸಿಕ್ಕಿ ಹರಿಯಬಹುದು.

‘ವಿಮಾ ಮಾಡ್ಸೀರೇನ್ರಿ?’ ಎಂದು ಹಿರಿಯರೊಬ್ಬರನ್ನು ಕೇಳಿದೆ.

‘ನನಗ ಐತ್ರಿ, ಬಲಿಗಿಲ್ಲ’ ಎಂದು ನಕ್ಕರು.

ಮಾತು ನಿಜ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಮೀನುಗಾರ ತೀರಿಕೊಂಡರೆ ಮನೆಯವರಿಗೆ 5 ಲಕ್ಷ ರೂಪಾಯಿ, ಭಾಗಶಃ ಶಾಶ್ವತ ಅಂಗವಿಕಲತೆಗೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25,000ದವರೆಗೆ. ಕಂತು ಕಟ್ಟುವುದು ಸರ್ಕಾರಗಳೇ. ಬಲೆ, ತೆಪ್ಪ ಮಾತ್ರ ಇದರೊಳಗೆ ಬರುವುದಿಲ್ಲ.

ಅವಕ್ಕೆ ಬೇರೆ ಪಾಲಿಸಿ ಬೇಕು. ತೊಡಕಿರುವುದೇ ಅಲ್ಲಿ. ಕಳವಿನ ಪಾಲಿಸಿಗಳು ಸಾಮಾನ್ಯವಾಗಿ ಬೀಗ ಮುರಿದ, ಬಾಗಿಲು ಒಡೆದ ಗುರುತು ಕೇಳುತ್ತವೆ. ಕೆರೆಗೆ ಯಾವ ಬಾಗಿಲು? ಹಳತಾಗಿ ಸವೆದು ಹರಿದರೆ ಪರಿಹಾರವಿಲ್ಲ; ಕಳುವಾದರೂ ಸವಕಳಿ ಹಿಡಿದುಕೊಂಡು ಕೊಡುವುದೇ ವಾಡಿಕೆ. ಹಾಗಾಗಿ ಹಣ ಕಟ್ಟುವ ಮೊದಲೇ ಕೇಳಬೇಕು: ‘ನೀರಿನಲ್ಲಿ ಬಿಟ್ಟ ಬಲೆ ಕಳುವಾದರೆ ಕೊಡುತ್ತೀರಾ?’ ಉತ್ತರ ಬಾಯಿಮಾತಿನಲ್ಲಿ ಬೇಡ, ಪಾಲಿಸಿ ಕಾಗದದಲ್ಲೇ ತೋರಿಸಲಿ.

ಮಕ್ಕಳೇ, ನಿಮಗೂ ಇಲ್ಲಿ ಕೆಲಸವಿದೆ. ಬಲೆ ಕೊಂಡ ರಸೀದಿಯ, ಬಲೆಯ ಫೋಟೊ ತೆಗೆದು ಮೊಬೈಲಿನಲ್ಲಿಡಿ. ತೆಪ್ಪದ ಮೇಲೆ ಅಪ್ಪನ ಹೆಸರು ಬಣ್ಣದಲ್ಲಿ ಬರೆಯಿರಿ. ಕಳುವಾದ ದಿನವೇ ದೊಡ್ಡವರು ಪೊಲೀಸ್ ಠಾಣೆಗೆ ದೂರು ಕೊಟ್ಟು, ಅದರ ಪ್ರತಿ ಇಸಿದುಕೊಂಡು, ಕಂಪನಿಗೂ ತಿಳಿಸಬೇಕು.